ಹಬ್ಬದ ಹೂರಣಕ್ಕೆ ಯಾವ ಕಾಳು?

ಆಶ್ವಯುಜ ಮಾಸ ಬಂತೆಂದರೆ ನಮ್ಮ ಬಯಲುಸೀಮೆಯಲ್ಲಿ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಹೊಲದಲ್ಲಿ ಶೇಂಗಾ ಕೀಳುವ ಸುಗ್ಗಿ, ಮನೆಯಲ್ಲಿ ಹಬ್ಬಗಳ ಸಾಲು. ಮಹಾನವಮಿ, ಆಯುಧಪೂಜೆ, ಸೀಗೆ ಹುಣ್ಣಿಮೆ, ಅದರ ಹಿಂದೆಯೇ ದೀಪಾವಳಿ. ಎಲೆಗೆ ಬಡಿಸುವ ಸಿಹಿ ಹೋಳಿಗೆಯಾಗಿರಲಿ, ಕಡುಬಾಗಿರಲಿ, ಕರ್ಜಿಕಾಯಿಯಾಗಿರಲಿ, ಅದರ ಹೊಟ್ಟೆಯಲ್ಲಿರುವುದು ಹೂರಣ. ಮೇಲಿನ ಕಣಕ ಅದನ್ನು ಹಿಡಿದಿಡುವ ಚೀಲ ಮಾತ್ರ.

ಹೂರಣವೆಂದರೆ ಸಿಹಿ, ಸಿಹಿಯೆಂದರೆ ನಾಲಿಗೆಯ ಚಪಲ ಎಂದು ಬಹುಮಂದಿ ತಿಳಿದಿದ್ದಾರೆ. ಆದರೆ ಹಬ್ಬದ ಊಟದಲ್ಲಿ ಬೆಳೆಯುವ ಮಕ್ಕಳಿಗೆ ಬೇಕಾದ ಪ್ರೋಟೀನಿನ ಒಳ್ಳೆಯ ಪಾಲು ಇರುವುದು ಈ ಹೂರಣದಲ್ಲೇ. ಅದನ್ನು ಪುಷ್ಟಿಕರವಾಗಿ ಮಾಡುವುದೂ ಕೆಡಿಸುವುದೂ ನಮ್ಮ ಕೈಯಲ್ಲಿದೆ. ಹೇಗೆಂದು ನೋಡೋಣ.

ಹೂರಣದ ಒಳಗೇನಿದೆ?

ನಮ್ಮ ಜಿಲ್ಲೆಯಲ್ಲಿ ಹೂರಣಗಳು ಹಲವು ಬಗೆ. ತೊಗರಿಬೇಳೆ ಅಥವಾ ಕಡಲೆಬೇಳೆಯ ಹೂರಣ ಎಲ್ಲೆಡೆ ಉಂಟು. ಶೇಂಗಾ ಹೆಚ್ಚಾಗಿ ಬೆಳೆಯುವ ಊರುಗಳಲ್ಲಿ ಶೇಂಗಾ ಹೋಳಿಗೆ ಮಾಡುತ್ತಾರೆ. ತೆಂಗಿನ ತೋಟಗಳಿರುವ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಕಡೆ ಕಾಯಿ ಹೋಳಿಗೆಯೂ ಇದೆ. ಎಳ್ಳಿನ ಹೋಳಿಗೆ ಮಾಡುವ ಮನೆಗಳೂ ಇವೆ.

ಇವೆಲ್ಲ ಸಿಹಿಯಾದರೂ ಒಂದೇ ಅಲ್ಲ. ತೊಗರಿಬೇಳೆಯಲ್ಲಿ ಸುಮಾರು ಶೇ. 22ರಷ್ಟು ಪ್ರೋಟೀನ್ ಇದೆ. ಶೇಂಗಾದಲ್ಲಿ ಅದಕ್ಕಿಂತ ತುಸು ಹೆಚ್ಚು, ಜೊತೆಗೆ ಶೇ. 40ಕ್ಕೂ ಮಿಕ್ಕಿ ಎಣ್ಣೆ. ಹಸಿ ತೆಂಗಿನಕಾಯಿಯಲ್ಲಿ ಪ್ರೋಟೀನ್ ಶೇ. 4ರ ಆಸುಪಾಸು ಮಾತ್ರ, ಕೊಬ್ಬೇ ಅಧಿಕ. ಎಳ್ಳಿನಲ್ಲಿ ಕ್ಯಾಲ್ಸಿಯಂ ಹೇರಳ. ಆದರೆ ಅದರ ಸಿಪ್ಪೆಯಲ್ಲಿರುವ ಆಕ್ಸಲೇಟ್ ಬಹುಪಾಲು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದೆಲ್ಲ ನಮ್ಮ ಮೈಗೆ ಹತ್ತುವುದಿಲ್ಲ.

ಹತ್ತನೇ ತರಗತಿಯವರಿಗೆ ಇಲ್ಲೊಂದು ಪ್ರಶ್ನೆ. ಶೇಂಗಾದಲ್ಲಿ ಪ್ರೋಟೀನ್ ಹೆಚ್ಚಿದೆ ಎಂದ ಮೇಲೆ ಬೇಳೆ ಹೋಳಿಗೆಗಿಂತ ಶೇಂಗಾ ಹೋಳಿಗೆ ಉತ್ತಮವೇ? ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ ಗೋಡೆ. ಅಗತ್ಯವಾದ ಇಟ್ಟಿಗೆಗಳಲ್ಲಿ ಒಂದು ಬಗೆ ಕಡಿಮೆ ಬಿದ್ದರೂ ಗೋಡೆ ಅಷ್ಟಕ್ಕೇ ನಿಲ್ಲುತ್ತದೆ. ಗೋಧಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಿರುವ ಮಿಥಿಯೋನಿನ್ ಗೋಧಿಯಲ್ಲಿ ಸಾಕಷ್ಟಿದೆ. ಹೀಗಾಗಿ ಗೋಧಿ ಕಣಕದೊಳಗೆ ಬೇಳೆ ಹೂರಣ ತುಂಬಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಶೇಂಗಾದಲ್ಲಿ ಗೋಧಿಯಂತೆಯೇ ಲೈಸೀನ್ ಕಡಿಮೆ. ಆದ್ದರಿಂದ ಬರೀ ಶೇಂಗಾಕ್ಕಿಂತ ಬೇಳೆಯೊಂದಿಗೆ ಬೆರೆಸಿದ ಶೇಂಗಾ ಲೇಸು. ಕಾಯಿ ಹೋಳಿಗೆ ಮಾಡುವವರು ಒಂದು ಹಿಡಿ ಹುರಿಗಡಲೆ ಹಿಟ್ಟನ್ನು ಸೇರಿಸಿದರೆ ಅದಕ್ಕೂ ತೂಕ ಬರುತ್ತದೆ.

ಬೇಳೆ ಬೇಯದ ನೀರು

'ನಮ್ಮೂರ ನೀರಿಗೆ ಬೇಳೆ ಬೇಯಲ್ಲ' ಎಂಬ ದೂರನ್ನು ನಮ್ಮ ಆರೂ ತಾಲ್ಲೂಕುಗಳಲ್ಲಿ ಕೇಳಬಹುದು. ಇದು ನೆಪವಲ್ಲ, ರಸಾಯನಶಾಸ್ತ್ರ. ಬಂಡೆಗಳ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇದೇ ಗಡಸು ನೀರು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಿದರೆ ಬೇಳೆ ಬೆಂದಂತೆ. ಕ್ಯಾಲ್ಸಿಯಂ ಆ ಪೆಕ್ಟಿನ್ನಿನೊಡನೆ ಸೇರಿ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸುವವರಿಗೆ ಇನ್ನೊಂದು ತೊಡಕಿದೆ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಮೊದಲೇ, 98 ಡಿಗ್ರಿ ಸೆಲ್ಸಿಯಸ್ ಹತ್ತಿರದಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದಾಗಿ ಅದು 120 ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಬೇಳೆ ಬೇಗ ಬೇಯುತ್ತದೆ.

ಬೇಳೆ ಬೇಯದಿದ್ದಾಗ ಚಿಟಿಕೆ ಅಡುಗೆ ಸೋಡ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಬೇಳೆ ಮೆತ್ತಗಾಗುವುದು ನಿಜ. ಆದರೆ ಸೋಡದ ಕ್ಷಾರ ಗುಣದಿಂದ ಬೇಳೆಯಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವ, ನಾಶವಾಗುತ್ತದೆ. ಅದರ ಬದಲು ನೀರನ್ನು ಮೊದಲೇ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದಲ್ಲಿ ನಿಂತ ಬಿಳಿ ಗಸಿ ಕದಡದಂತೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ತಾತ್ಕಾಲಿಕ ಗಡಸುತನ ಇದರಿಂದ ಹೋಗುತ್ತದೆ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಬೇಳೆ ಬೇಯಿಸಲು ಅದರದೇ ನೀರು ತನ್ನಿ. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕುದಿಸಿದರೆ ಅದು ಹೋಗುವುದಿಲ್ಲ; ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಮಳೆ ನೀರು ಹಿಡಿದಿಟ್ಟುಕೊಂಡ ಮನೆಯವರು ಈ ವಿಷಯದಲ್ಲಿ ಅದೃಷ್ಟವಂತರು.

ಬೇಳೆ ಬೇಯುವ ಮುನ್ನ ಬೆಲ್ಲ ಹಾಕಬಾರದೆಂದು ಅಜ್ಜಿಯರು ಹೇಳುತ್ತಾರಲ್ಲವೇ? ಅದಕ್ಕೂ ಕಾರಣವಿದೆ. ಸಕ್ಕರೆಯ ಅಂಶ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ; ಬೆಲ್ಲದಲ್ಲಿರುವ ಕ್ಯಾಲ್ಸಿಯಂ ಗಡಸು ನೀರಿನ ಕೆಲಸವನ್ನೇ ಮಾಡುತ್ತದೆ. ಒಮ್ಮೆ ಬೆಲ್ಲ ಬಿದ್ದ ಮೇಲೆ ಅರೆಬೆಂದ ಬೇಳೆ ಅರೆಬೆಂದೇ ಉಳಿಯುತ್ತದೆ.

ಬೆಂದ ಬೇಳೆಯಿಂದ ಬಸಿದ ಕಟ್ಟನ್ನು ಮೋರಿಗೆ ಚೆಲ್ಲಬೇಡಿ. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ, ಒಂದಷ್ಟು ಪ್ರೋಟೀನ್ ಅದಕ್ಕೆ ಇಳಿದಿರುತ್ತವೆ. ಹೋಳಿಗೆ ಸಾರು ಹುಟ್ಟಿದ್ದೇ ಈ ಕಟ್ಟಿನಿಂದ. ಹೋಳಿಗೆಯನ್ನು ಪೇಟೆಯಿಂದ ಕೊಂಡು ತಂದರೆ ನಮಗೆ ಸಿಗದೆ ಹೋಗುವುದು ಈ ಸಾರು.

ಮಾರುಕಟ್ಟೆಗೆ ಗಟ್ಟಿ, ಮನೆಗೆ ಜೊಳ್ಳು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶೇಂಗಾ ಬೆಳೆಯುವ ಮನೆಗಳಲ್ಲಿ ಒಂದು ಪದ್ಧತಿ ಇದೆ. ಗಟ್ಟಿ ಕಾಯಿಯೆಲ್ಲ ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತದೆ. ಸುಕ್ಕು, ಚೂರು, ಮಳೆಗೆ ನೆನೆದು ಬಣ್ಣಗೆಟ್ಟದ್ದು 'ಮನೆಗಿರಲಿ' ಎಂದು ಉಳಿಯುತ್ತದೆ. ಹಬ್ಬದ ಹೋಳಿಗೆಗೂ ಚಟ್ನಿಪುಡಿಗೂ ಅದೇ ಒದಗುತ್ತದೆ. ಬೆಲೆ ಸಿಗಬೇಕಾದ ರೈತನ ಕಷ್ಟ ಅರ್ಥವಾಗುವಂಥದ್ದೇ. ಆದರೆ ಈ ಉಳಿಕೆಯಲ್ಲೇ ಅಪಾಯ ಅಡಗಿದೆ.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು-ಹಳದಿ ಬೂಷ್ಟು ಶೇಂಗಾ ಮತ್ತು ಮೆಕ್ಕೆಜೋಳಕ್ಕೆ ಬೇಗ ಹತ್ತುತ್ತದೆ. ಅದು ಉತ್ಪಾದಿಸುವ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಕಾಯಿಲೆಯಿಂದ ಪ್ರಾಣ ಕಳೆದುಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ, ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ದೇಹ ಸೇರಿದರೆ ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ.

ನಮ್ಮ ಜಿಲ್ಲೆಯ ಹವೆ ಈ ಬೂಷ್ಟಿಗೆ ಹೇಳಿ ಮಾಡಿಸಿದಂತಿದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಗಿಡ ಬಾಡುತ್ತದೆ. ಆಗ ಬೂಷ್ಟು ನೆಲದೊಳಗೇ ಕಾಯಿಯನ್ನು ಹೊಕ್ಕುತ್ತದೆ. ಕಿತ್ತು ಹೊಲದಲ್ಲಿ ಹಾಕಿದಾಗ ಹಿಂಗಾರು ಮಳೆ ಹೊಡೆಯುತ್ತದೆ. ಆಗ ಅದು ಹಬ್ಬುತ್ತದೆ.

'ಹುರಿದರೆ ಎಲ್ಲ ಸರಿಹೋಗುತ್ತದೆ' ಎನ್ನುವವರಿದ್ದಾರೆ. ಇಲ್ಲ. ಹುರಿದಾಗ ಬೂಷ್ಟು ಸಾಯುತ್ತದೆ, ವಿಷ ಸ್ವಲ್ಪ ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ತೊಳೆದರೂ ಒರೆಸಿದರೂ ಅಷ್ಟೇ. ಒಳ್ಳೆಯ ಸುದ್ದಿಯೆಂದರೆ ಈ ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕೆಟ್ಟ ಕಾಳುಗಳಲ್ಲಿ ಅದು ತುಂಬಿರುತ್ತದೆ. ಆದ್ದರಿಂದ ಮೊರದಲ್ಲಿ ಹರವಿಕೊಂಡು ಕಾಳು ಆರಿಸುವ ಹಳೆಯ ಕೆಲಸ ವಿಷ ತಗ್ಗಿಸುವ ಅತ್ಯುತ್ತಮ ಉಪಾಯ. ಸುಕ್ಕಾದದ್ದು, ಬಣ್ಣಗೆಟ್ಟದ್ದು, ಸಿಪ್ಪೆ ಹರಿದದ್ದು, ಹುಳು ಕೊರೆದದ್ದು, ಬೂಷ್ಟಿನ ಗುರುತಿರುವುದು - ಎಲ್ಲವನ್ನೂ ತೆಗೆಯಿರಿ. ಹುರಿದು ಸಿಪ್ಪೆ ಉಜ್ಜಿದ ಮೇಲೆ ಇನ್ನೊಮ್ಮೆ ನೋಡಿ. ಬೇಳೆಯ ಒಳಮೈ ಕಪ್ಪಾಗಿದ್ದರೆ ಅದೂ ಹೊರಗೆ. ತಿನ್ನುವಾಗ ಕಹಿ ಹತ್ತಿದರೆ ಉಗುಳಿಬಿಡಿ.

ಆರಿಸಿ ತೆಗೆದದ್ದನ್ನು ದನದ ಬಾನಿಗೆ ಸುರಿಯಬೇಡಿ, ಕೋಳಿಗೂ ಹಾಕಬೇಡಿ. ಹಸುವಿನ ಹೊಟ್ಟೆ ಸೇರಿದ ವಿಷದ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿನಲ್ಲಿ ಇಳಿಯುತ್ತದೆ. ಹೋಳಿಗೆಗೆ ಬೇಡವೆಂದು ಬಿಸುಟದ್ದು, ಹೋಳಿಗೆಯ ಜೊತೆ ಕೊಡುವ ಹಾಲಿನಲ್ಲಿ ಮಗುವಿನ ಬಟ್ಟಲಿಗೇ ಮರಳಿ ಬಂದಂತಾಗುತ್ತದೆ. ಹೂತುಬಿಡುವುದೇ ಮೇಲು.

ಶೇಂಗಾ ಕಾಪಿಡುವವರು ಕಾಯಿಯ ತೇವ ಶೇ. 8-9ಕ್ಕೆ ಇಳಿಯುವಷ್ಟು ಒಣಗಿಸಬೇಕು. ಅಳೆಯುವ ಯಂತ್ರ ಬೇಕಿಲ್ಲ. ಅಲ್ಲಾಡಿಸಿದಾಗ ಒಳಗಿನ ಕಾಳು ಗಲಗಲ ಎನ್ನಬೇಕು. ಚೀಲವನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೇಕಾದಾಗ ಮಾತ್ರ ಸುಲಿಯಿರಿ.

ಬೆಲ್ಲ ಎಷ್ಟು?

ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಮತ್ತು ಖನಿಜಗಳಿವೆ ನಿಜ. ಆದರೆ ಅದರ ತೂಕದ ಸುಮಾರು ಶೇ. 85 ಭಾಗ ಸಕ್ಕರೆಯೇ. ದಿನಕ್ಕೆ 2,000 ಕ್ಯಾಲೊರಿ ಊಟ ಮಾಡುವವರು ಇಂಥ ಸಿಹಿಯನ್ನು 50 ಗ್ರಾಮಿನೊಳಗೆ ಇಡಬೇಕೆಂಬುದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ಬೇಳೆಯ ಸಮಕ್ಕೆ ಬೆಲ್ಲ ಹಾಕುವ ವಾಡಿಕೆಯಲ್ಲಿ ಎರಡೂವರೆ ಹೋಳಿಗೆಗೆ ಆ ಲೆಕ್ಕ ಮುಗಿದುಹೋಗುತ್ತದೆ. ಮುಕ್ಕಾಲಿಗಿಂತ ಕಡಿಮೆ ಹಾಕಿದರೂ ರುಚಿಗೆ ಕೊರತೆಯಿಲ್ಲ. ಆದರೆ ಒಂದು ಮಾತು ನೆನಪಿರಲಿ: ಹೂರಣ ಕೆಡದಂತೆ ಕಾಯುವುದೂ ಬೆಲ್ಲವೇ. ಅದನ್ನು ತಗ್ಗಿಸಿದ ಹೂರಣವನ್ನು ಅಂದಂದೇ, ತಪ್ಪಿದರೆ ಮರುದಿನದೊಳಗೆ, ಮುಗಿಸಬೇಕು. ಹೊಳೆಯುವ ಹಳದಿ ಬೆಲ್ಲಕ್ಕೆ ಮರುಳಾಗಬೇಡಿ. ಆ ಬಣ್ಣ ಬರಿಸಲು ಗಂಧಕದ ರಾಸಾಯನಿಕಗಳನ್ನು ಬಳಸುವುದುಂಟು. ಕಂದು ಬೆಲ್ಲ ಲೇಸು.

ಮಾಡುವ ಬಗೆ

ಸುಮಾರು 25 ಹೋಳಿಗೆಗೆ ತೊಗರಿಬೇಳೆ 400 ಗ್ರಾಂ, ಆರಿಸಿದ ಶೇಂಗಾ 100 ಗ್ರಾಂ, ಬೆಲ್ಲ 350 ಗ್ರಾಂ, ಏಲಕ್ಕಿ, ಚಿಟಿಕೆ ಒಣಶುಂಠಿ ಪುಡಿ. ಕಣಕಕ್ಕೆ ಗೋಧಿ ಹಿಟ್ಟು 400 ಗ್ರಾಂ, ಚಿಟಿಕೆ ಉಪ್ಪು, ಎರಡು ಚಮಚ ಎಣ್ಣೆ.

ಗೋಧಿ ಹಿಟ್ಟನ್ನು ಮೆತ್ತಗೆ ನಾದಿ ಒಂದೆರಡು ಗಂಟೆ ಮುಚ್ಚಿಡಿ. ತೌಡು ನೀರು ಕುಡಿದು, ಗ್ಲುಟೆನ್ನಿನ ಬಿಗಿ ಸಡಿಲಿ, ಮೈದಾದಂತೆಯೇ ಹಿಗ್ಗುತ್ತದೆ. ಹೊಸದುರ್ಗದ ಕಡೆ ಬೆಳೆಯುವ ಸಾವೆ ಅಥವಾ ನವಣೆಯ ಹಿಟ್ಟನ್ನೂ ಬೆರೆಸಬಹುದು. ಅವುಗಳಲ್ಲಿ ಗ್ಲುಟೆನ್ ಇಲ್ಲದ್ದರಿಂದ ನಾಲ್ಕನೇ ಒಂದು ಪಾಲು ಮೀರಿದರೆ ಹೋಳಿಗೆ ಹರಿಯುತ್ತದೆ.

ಬೇಳೆಯನ್ನು ಒಂದು ಗಂಟೆ ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ, ಕಟ್ಟನ್ನು ಬಸಿದಿಟ್ಟುಕೊಳ್ಳಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ, ಕುದಿ ಬಂದಾಗ ಬೇಳೆ ಹಾಕಿ ಗಟ್ಟಿಯಾಗುವವರೆಗೆ ಕೈಯಾಡಿಸಿ. ಆರಿದ ಮೇಲೆ ರುಬ್ಬಿ, ಕೊನೆಗೆ ಹುರಿದ ಶೇಂಗಾದ ಪುಡಿ, ಏಲಕ್ಕಿ, ಶುಂಠಿ ಬೆರೆಸಿ. ಹೂರಣ ತೆಳುವಾಗಿದ್ದರೆ ಈ ಪುಡಿಯೇ ನೀರು ಹೀರಿ ಹದ ತರುತ್ತದೆ. ಇಂಥ ಒಂದು ಹೋಳಿಗೆಯಲ್ಲಿ ಕಣಕವೂ ಸೇರಿ ಸುಮಾರು 6 ಗ್ರಾಂ ಪ್ರೋಟೀನ್, 14 ಗ್ರಾಂ ಬೆಲ್ಲ ಇರುತ್ತದೆ. ಪಕ್ಕದಲ್ಲಿ ನಿಂಬೆರಸ ಹಿಂಡಿದ ಕೋಸಂಬರಿ ಇರಲಿ; ನಿಂಬೆಯ ಸಿ ಜೀವಸತ್ವದಿಂದ ಬೇಳೆಯ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭ ಹೋಗುತ್ತದೆ.

ರಜೆಯಲ್ಲಿ ಮಾಡಿ ನೋಡಿ

ದಸರಾ ರಜೆಯಲ್ಲಿರುವ ವಿದ್ಯಾರ್ಥಿಗಳಿಗೆ ಮೂರು ಕೆಲಸ. ಒಂದು: ಕೊಳವೆಬಾವಿ ನೀರು, ಕುದಿಸಿ ತಿಳಿಗೊಳಿಸಿದ ನೀರು, ಮಳೆ ಅಥವಾ ಕೆರೆಯ ನೀರು - ಮೂರನ್ನೂ ಒಂದೇ ಅಳತೆಯ ಸೀಸೆಗಳಲ್ಲಿ ತೆಗೆದುಕೊಂಡು, ಒಂದೇ ತೂಕದ ಸೋಪಿನ ಚೂರು ಹಾಕಿ ಕುಲುಕಿ. ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆಯಿರಿ. ಎರಡು: ಅದೇ ಮೂರು ನೀರಿನಲ್ಲಿ 20 ಗ್ರಾಂ ಬೇಳೆಯನ್ನು ಬೇರೆಬೇರೆಯಾಗಿ, ದೊಡ್ಡವರ ಎದುರಿನಲ್ಲಿ ಬೇಯಿಸಿ, ಎಷ್ಟು ನಿಮಿಷ ಹಿಡಿಯಿತೆಂದು ಗುರುತು ಹಾಕಿಕೊಳ್ಳಿ. ನೊರೆಗೂ ನಿಮಿಷಕ್ಕೂ ಏನು ಸಂಬಂಧ? ಶಾಲೆ ತೆರೆದ ಮೇಲೆ ಗುರುಗಳಿಗೆ ತೋರಿಸಿ.

ಮೂರನೆಯದು: ಮೊರವನ್ನು ನೀವೇ ಕೇಳಿ ತೆಗೆದುಕೊಳ್ಳಿ. ಮನೆಯ ಹಿರಿಯರಿಗೆ ಕಣ್ಣು ಮಂಜಾಗಿರಬಹುದು, ನಿಮ್ಮ ಕಣ್ಣು ಚುರುಕಾಗಿದೆ. ಒಂದು ಕಿಲೋ ಶೇಂಗಾ ಆರಿಸಿ, ಒಳ್ಳೆಯದೆಷ್ಟು, ತೆಗೆದುಹಾಕಿದ್ದೆಷ್ಟು ಎಂದು ತೂಗಿ ನೋಡಿ. ಆ ಲೆಕ್ಕವನ್ನು ಅಪ್ಪನಿಗೂ ತೋರಿಸಿ. ಮುಂದಿನ ಸಲ ಚೀಲಗಳು ಮಾರುಕಟ್ಟೆಗೆ ಹೊರಡುವ ಮುನ್ನ, ಹಬ್ಬಕ್ಕೆ ಬೇಕಾದ ನಾಲ್ಕು ಸೇರು ಗಟ್ಟಿ ಕಾಯಿ ಮನೆಯಲ್ಲಿ ಇಳಿಯಲಿ.