ಬೋಕಿಯ ಲೆಕ್ಕವೂ ಮೂಗಿನ ಲೆಕ್ಕವೂ

ಇತಿಹಾಸವನ್ನು ಐಚ್ಛಿಕವಾಗಿ ಆರಿಸಿಕೊಂಡವನು ಸಂಖ್ಯಾಶಾಸ್ತ್ರದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುವುದನ್ನು ಕಂಡು ನಮ್ಮ ವಿದ್ಯಾರ್ಥಿನಿಲಯದ ಮಿತ್ರರು ನಕ್ಕುದುಂಟು. "ಮದಕರಿನಾಯಕನಿಗೂ ಸರಾಸರಿಗೂ ಏನಯ್ಯಾ ನಂಟು?" ಎಂದು ಹೊಳಲ್ಕೆರೆಯ ಗೆಳೆಯನೊಬ್ಬನು ಕೇಳಿದನು. ಆಗ ನನಗೆ ಉತ್ತರ ತೋಚಲಿಲ್ಲ. ಈ ಲೇಖನವು ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬಹುದು.

ಮೊದಲು ಮನೆಯ ಮಾತೊಂದನ್ನು ಹೇಳಬೇಕು. ನಮ್ಮದು ಹೊಸದುರ್ಗ ತಾಲ್ಲೂಕಿನ ಬೆದ್ದಲು ಬೇಸಾಯದ ಮನೆ. ತಂದೆಯವರು ರುಜು ಹಾಕುವಷ್ಟು ಮಾತ್ರ ಅಕ್ಷರ ಬಲ್ಲವರು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಒಮ್ಮೆ ಅವರೊಡನೆ ಶೇಂಗಾ ಮಾರಲು ಹೋಗಿದ್ದೆ. ವ್ಯಾಪಾರಿಯೊಬ್ಬನು ಮಳೆಯಲ್ಲಿ ತುಸು ನೆನೆದಿದ್ದ ಒಂದೇ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು ನೋಡಿ, ಎಲ್ಲ ಚೀಲಗಳಿಗೂ ಬೆಲೆ ಇಳಿಸಿಬಿಟ್ಟನು. "ಅದೊಂದ್ ಚೀಲ ನೋಡಿ ಎಲ್ಲಾದಕ್ಕೂ ರೇಟು ಕಟ್‌ಬ್ಯಾಡ್ರಿ ಸಾವ್ಕಾರ್ರೆ, ನಾಕ್ ಚೀಲದಾಗೆ ಕೈ ಹಾಕಿ ನೋಡ್ರಿ" ಎಂದು ತಂದೆಯವರು ಕೇಳಿಕೊಂಡರು. ಅವನು ಕೇಳಲಿಲ್ಲ. ಮಾದರಿಯನ್ನು ಹೇಗೆ ತೆಗೆಯಬೇಕೆಂಬ ಅಧ್ಯಾಯವನ್ನು ಮೂರು ವರ್ಷಗಳ ಮೇಲೆ ಕಾಲೇಜಿನಲ್ಲಿ ಓದಿದಾಗ, ಇದನ್ನು ನಮ್ಮಪ್ಪ ಆಗಲೇ ಹೇಳಿದ್ದರಲ್ಲಾ ಎನಿಸಿತು.

ಆದರೆ ಓದಿದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ. ಆ ವ್ಯಾಪಾರಿಯ ತಪ್ಪನ್ನೇ ನಾನೂ ಮಾಡಿದೆನು. ನಮ್ಮ ಹೊಲದ ಬದುವಿನ ಕಡೆ ಕುಂಟೆ ಹೊಡೆಯುವಾಗ ಹಳೆಯ ಮಡಕೆಯ ಬೋಕಿಗಳು ಮೇಲೆ ಬರುತ್ತವೆ. ಚಿಕ್ಕಂದಿನಲ್ಲಿ ಅವುಗಳಿಂದ ಆಟವಾಡಿದ್ದೆವಷ್ಟೆ. ಕಳೆದ ವರ್ಷ ರಜೆಯಲ್ಲಿ ಒಂದು ಚೀಲದ ತುಂಬ ಬೋಕಿ ಆರಿಸಿ ತಂದು ನಮ್ಮ ಅಧ್ಯಾಪಕರ ಮುಂದೆ ಹರಡಿದೆ. ಹೆಚ್ಚುಕಡಮೆ ಎಲ್ಲವೂ ನುಣುಪಾದವು, ಒಳಗೆ ಕಪ್ಪು, ಹೊರಗೆ ಕೆಂಪು. "ಇದು ಬೃಹತ್ ಶಿಲಾಯುಗದವರ ಊರೇ ಸರಿ" ಎಂದು ಹೆಮ್ಮೆಯಿಂದ ನುಡಿದೆನು. ಅವರು ನಕ್ಕು, "ಅಲ್ಲಿ ಬಿದ್ದಿದ್ದವೆಲ್ಲ ಇಂಥವೇ ಏನಪ್ಪಾ, ಅಥವಾ ನೀನು ಆರಿಸಿದ್ದು ಇಂಥವೋ?" ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಚೆಂದವಾಗಿ ಕಂಡುದನ್ನು ಎತ್ತಿಕೊಂಡು ಒರಟು ಚೂರುಗಳನ್ನು ಬಿಟ್ಟು ಬಂದಿದ್ದೆ. ಮುಂದಿನ ಸಲ ಹಗ್ಗದಿಂದ ಚೌಕಗಳನ್ನು ಗುರುತಿಸಿ, ಯಾವ ಚೌಕವನ್ನು ನೋಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಆ ಚೌಕದೊಳಗಿನ ಉಗುರಿನಷ್ಟು ಚೂರನ್ನೂ ಬಿಡದೆ ಎಣಿಸಿ, ಎಣಿಸಿದುದನ್ನು ಅಲ್ಲಿಯೇ ಬಿಟ್ಟು ಬಂದೆನು. ನುಣುಪಾದ ಕಪ್ಪು-ಕೆಂಪು ಚೂರುಗಳು ಹತ್ತರಲ್ಲಿ ಒಂದೂ ಇರಲಿಲ್ಲ. ಊರು ಅದೇ, ಹೊಲವೂ ಅದೇ. ಆರಿಸುವ ರೀತಿ ಬದಲಾದುದರಿಂದ ಚರಿತ್ರೆಯೇ ಬದಲಾಯಿತು.

ಎಷ್ಟು ಎಣಿಸಿದರೆ ಸಾಕು ಎಂಬುದು ಮುಂದಿನ ಪ್ರಶ್ನೆ. ಒಂದು ಹೊಲದಲ್ಲಿ 100 ಬೋಕಿ ಎಣಿಸಿದೆವೆನ್ನೋಣ; ಅದರಲ್ಲಿ 20 ಕಪ್ಪು-ಕೆಂಪಿನವು. ಹಾಗಾದರೆ ಶೇಕಡ 20 ಎಂದು ಬರೆದು ಸುಮ್ಮನಾಗಬಹುದೆ? ಆಗದು. ಇನ್ನೊಂದು 100 ಎತ್ತಿದರೆ 17 ಬರಬಹುದು, 23 ಬರಬಹುದು. ಇಂಥ ಆಕಸ್ಮಿಕ ಏರುಪೇರಿಗೆ ಸಂಖ್ಯಾಶಾಸ್ತ್ರವು ಒಂದು ಅಳತೆಯನ್ನು ಕೊಟ್ಟಿದೆ. ಇಪ್ಪತ್ತನ್ನು ಎಂಬತ್ತರಿಂದ ಗುಣಿಸಿ, ನೂರರಿಂದ ಭಾಗಿಸಿ, ವರ್ಗಮೂಲ ತೆಗೆದರೆ 4 ಬರುತ್ತದೆ. ಆದುದರಿಂದ 20, ಅದಕ್ಕೆ ಹೆಚ್ಚು ಕಡಮೆ 4 ಎಂದು ಬರೆಯಬೇಕು. ಈ 4ನ್ನು 2ಕ್ಕೆ ಇಳಿಸಬೇಕಾದರೆ 200 ಎಣಿಸಿದರೆ ಸಾಲದು, 400 ಎಣಿಸಬೇಕು. ಪಕ್ಕದ ಹೊಲದ 100ರಲ್ಲಿ 26 ಸಿಕ್ಕಿತೆಂದು, ಅಲ್ಲಿ ಬೇರೆ ಜನರಿದ್ದರೆಂದು ಲೇಖನ ಬರೆಯುವ ಉತ್ಸಾಹಿಗಳುಂಟು. ವ್ಯತ್ಯಾಸವೂ 6, ಆ ವ್ಯತ್ಯಾಸದಲ್ಲಿ ಇರಬಹುದಾದ ತಪ್ಪೂ ಸುಮಾರು 6. ಅಲ್ಲಿ ಹೇಳುವುದಕ್ಕೆ ಏನೂ ಇಲ್ಲ. ಏನೂ ಇಲ್ಲವೆಂದು ತಿಳಿದುಕೊಳ್ಳುವುದಕ್ಕೂ ಲೆಕ್ಕ ಬೇಕಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಈ ವಿಷಯ ದೂರದ್ದಲ್ಲ. ಕಾಲೇಜಿನಿಂದ ನಡೆದು ಹೋಗಬಹುದಾದ ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದರು. 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಅವರು ಅಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿ, ಕಲ್ಲುಕೊಡಲಿಯವರು, ಬೃಹತ್ ಶಿಲೆಯ ಗೋರಿಯವರು, ಶಾತವಾಹನರ ಕಾಲದವರು ಎಂಬ ಮೂರು ಸಂಸ್ಕೃತಿಗಳನ್ನು ಒಂದರ ಮೇಲೊಂದು ತೋರಿಸಿಕೊಟ್ಟರು. ಮೆಟ್ಟಿಲಿನಂತೆ ಒಂದು ಮುಗಿದೊಡನೆ ಇನ್ನೊಂದು ತೊಡಗಿತೆಂದು ತಿಳಿಯಬಾರದು. ಒಂದು ಕ್ಷೀಣಿಸುತ್ತಿರುವಾಗಲೇ ಇನ್ನೊಂದು ಬೆಳೆಯುತ್ತಿದ್ದಿತು. ಪದರಪದರವಾಗಿ ಬೋಕಿಗಳನ್ನು ಎಣಿಸದೆ ಇಂಥ ಬೆರಕೆಯನ್ನು ಕಾಣುವುದು ಕಷ್ಟ.

ನಮ್ಮ ಮನೆಯ ನೀರಿನ ಪಾತ್ರೆಗಳನ್ನೇ ನೋಡಿರಿ. ಅಜ್ಜಿಯ ಕಾಲಕ್ಕೆ ಮಣ್ಣಿನ ಗಡಿಗೆ, ಅವ್ವ ಬಂದಾಗ ತಾಮ್ರದ ಕೊಡ, ಆಮೇಲೆ ಸ್ಟೀಲು, ಈಗ ಪ್ಲಾಸ್ಟಿಕ್ಕು. ಆದರೆ ಗಡಿಗೆ ಇಂದಿಗೂ ಮೂಲೆಯಲ್ಲಿ ಒಂದಿದೆ. ಹತ್ತು ಮನೆಗಳ ಪಾತ್ರೆಗಳನ್ನು ಎಣಿಸಿ, ಗಡಿಗೆ ಹೆಚ್ಚಿರುವ ಮನೆಯಿಂದ ಪ್ಲಾಸ್ಟಿಕ್ಕು ಹೆಚ್ಚಿರುವ ಮನೆಯವರೆಗೆ ಸಾಲಾಗಿ ಇಟ್ಟರೆ, ಇಸವಿ ಗೊತ್ತಿಲ್ಲದಿದ್ದರೂ ಹಿಂದುಮುಂದು ಗೊತ್ತಾಗುತ್ತದೆ. ಫ್ಲಿಂಡರ್ಸ್ ಪೆಟ್ರಿ ಎಂಬ ಪಂಡಿತರು ಈಜಿಪ್ಟಿನ ಸುಮಾರು 900 ಗೋರಿಗಳ ಮಡಕೆಗಳ ವಿವರವನ್ನು ರಟ್ಟಿನ ಪಟ್ಟಿಗಳ ಮೇಲೆ ಬರೆದು, ಒಂದಕ್ಕೊಂದು ಹೋಲುವುವನ್ನು ಹತ್ತಿರ ಹತ್ತಿರ ಜೋಡಿಸಿ, 1899ರಲ್ಲಿ ಪ್ರಕಟಿಸಿದ ಕ್ರಮದ ತಿರುಳೂ ಇದೇ ಬಗೆಯದು. ಈಗ ಆ ಕೆಲಸವನ್ನು ಗಣಕಯಂತ್ರವು ಕ್ಷಣದಲ್ಲಿ ಮಾಡುತ್ತದೆ.

ಇಸವಿಯ ಪ್ರಶ್ನೆ ಬೇರೆ. ವೀಲರ್ ಅವರು ಚಂದ್ರವಳ್ಳಿಯ ರೋಮನ್ ನಾಣ್ಯವನ್ನೂ ಅರಿಕಮೇಡಿನಲ್ಲಿ ದೊರೆತಂಥ ಮಡಕೆಗಳನ್ನೂ ಆಧಾರವಾಗಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಅಂದಾಜು ಮಾಡಿ, ಬ್ರಹ್ಮಗಿರಿಯ ಕಲ್ಲುಕೊಡಲಿಯವರನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದ ಆದಿಗೆ ಇಟ್ಟರು. 1949ರಲ್ಲಿ ವಿಲ್ಲರ್ಡ್ ಲಿಬ್ಬಿ ಅವರ ಇಂಗಾಲದ ಕಾಲಮಾಪನ ಬಂದ ಮೇಲೆ, ದಕ್ಷಿಣದ ನವಶಿಲಾಯುಗವು ಅದಕ್ಕೂ ಸಾವಿರ ವರ್ಷಗಳಿಗಿಂತ ಹಿಂದಕ್ಕೆ ಸರಿಯಿತು. ಈ ಕಾಲಗಳ ಮುಂದೆಯೂ ಹೆಚ್ಚುಕಡಮೆಯ ಗುರುತು ಇರುತ್ತದೆ. 3500, ಹೆಚ್ಚು ಕಡಮೆ 100 ಎಂದು ಕಂಡರೆ, ಅಳತೆಯ ಮಟ್ಟಿಗೆ ನಿಜವಾದ ಸಂಖ್ಯೆಯು 3400ಕ್ಕೂ 3600ಕ್ಕೂ ನಡುವೆ ಇರುವ ಸಂಭವ ನೂರರಲ್ಲಿ 68 ಎಂದರ್ಥ. ಮಿಕ್ಕ 32ರ ಪಾಲು ಹೊರಗಿದೆ. ಪರೀಕ್ಷೆಗೆ ಟಿಪ್ಪಣಿ ಬರೆದುಕೊಳ್ಳುವಾಗ ನಾವೆಲ್ಲರೂ ಮೊದಲು ಬಿಟ್ಟುಬಿಡುವುದು ಈ ಗುರುತನ್ನೇ.

ಇಷ್ಟು ಬೋಕಿಯ ಮಾತು. ಮನುಷ್ಯನನ್ನೇ ಅಳೆಯಹೊರಟಾಗ ಲೆಕ್ಕದ ತಪ್ಪು ಬೋಕಿಗೆ ತಟ್ಟುವುದಿಲ್ಲ, ಮನುಷ್ಯನಿಗೆ ತಟ್ಟುತ್ತದೆ. ಗ್ರಂಥಾಲಯದಲ್ಲಿ ಜಾತಿಗಳನ್ನು ವರ್ಣಿಸುವ ಹಳೆಯ ಆಂಗ್ಲ ಗ್ರಂಥವೊಂದನ್ನು ತಿರುವಿ ಹಾಕುತ್ತಿದ್ದೆ. ಮೂಗಿನ ಅಳತೆಯ ಕೋಷ್ಟಕದಲ್ಲಿ ನಮ್ಮ ಜನರ ಹೆಸರೂ ಇದ್ದಿತು, ಕೆಳಗಿನ ಸಾಲುಗಳಲ್ಲಿ. ಓದುತ್ತಿದ್ದಂತೆ ನನಗರಿವಿಲ್ಲದೆ ಕೈ ಮೂಗಿನ ಮೇಲೆ ಹೋಯಿತು. ಪಕ್ಕದಲ್ಲಿದ್ದ ಹಿರಿಯೂರಿನ ಮಿತ್ರನು "ಏನು ಹುಡುಕ್ತಿದೀಯೋ?" ಎಂದನು. ಹೇಳಲಾಗಲಿಲ್ಲ.

ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ನಾಸಿಕಾಂಕ. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಸರ್ ಹರ್ಬರ್ಟ್ ರಿಸ್ಲಿಯವರು, ಜಾತಿಯ ಸರಾಸರಿ ಮೂಗು ಅಗಲವಾದಷ್ಟೂ ಸಮಾಜದಲ್ಲಿ ಅದರ ಸ್ಥಾನ ಕೆಳಗೆ ಎಂದು ಸಾರಿದರು. ಸರಾಸರಿ ಎಂಬುದು ಒಂದೇ ಸಂಖ್ಯೆ; ಅದರ ಹಿಂದೆ ನಿಂತ ಜನರ ಹರವನ್ನು ಅದು ಹೇಳುವುದಿಲ್ಲ. ಒಂದೇ ಜಾತಿಯೊಳಗೆ ಚೂಪು ಮೂಗಿನವರೂ ಮೊಂಡು ಮೂಗಿನವರೂ ಇರುತ್ತಾರೆ. ಒಂದೇ ತಾಯಿಯ ಮಕ್ಕಳಾದ ನನ್ನ ಮತ್ತು ನನ್ನ ತಮ್ಮನ ಮೂಗುಗಳೇ ಬೇರೆ. ಎರಡು ಗುಂಪುಗಳ ಸರಾಸರಿಗಳ ನಡುವೆ ಗೆರೆಯಷ್ಟು ಅಂತರವಿದ್ದು, ಒಳಗಿನ ಹರವು ಮಾರುದ್ದ ಇದ್ದರೆ, ಮೂಗನ್ನು ನೋಡಿ ಜಾತಿ ಹೇಳುವುದೆಲ್ಲಿ ಬಂತು? ಪ್ರೊ. ಪಿ. ಸಿ. ಮಹಾಲನೋಬಿಸ್ ಅವರು 1933ರಲ್ಲಿ ರಿಸ್ಲಿಯವರ ಬಂಗಾಳದ ಅಂಕಿಗಳನ್ನೇ ಮತ್ತೆ ಪರಿಶೋಧಿಸಿ ಅವುಗಳಲ್ಲಿದ್ದ ತಪ್ಪುಗಳನ್ನು ಎತ್ತಿ ತೋರಿಸಿದರು. 1968ರಲ್ಲಿ ಇರಾವತಿ ಕರ್ವೆ ಮತ್ತು ಮಲ್ಹೋತ್ರಾ ಅವರು ಮಹಾರಾಷ್ಟ್ರದಲ್ಲಿ ಒಂದೇ ಅಂತಸ್ತಿನವೆಂದು ಎಣಿಸಲ್ಪಡುವ ಎಂಟು ಒಳಪಂಗಡಗಳನ್ನು ಹೋಲಿಸಿದಾಗ, ಅವುಗಳೊಳಗೇ ವ್ಯತ್ಯಾಸಗಳು ಕಂಡುಬಂದವು.

ಮಹಾಲನೋಬಿಸ್ ಅವರು ಭೌತಶಾಸ್ತ್ರದವರು. 1920ರ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರಜ್ಞ ಅನ್ನಾಂಡೇಲ್ ಅವರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಪರಿಶೀಲಿಸಲು ಕೇಳಿಕೊಂಡುದೇ ಅವರಿಗೆ ದಾರಿಯಾಯಿತು. ಮುಂದೆ 1936ರಲ್ಲಿ ಎರಡು ಗುಂಪುಗಳ ನಡುವಣ ದೂರವನ್ನು ಅಳೆಯುವ ಒಂದು ಸೂತ್ರವನ್ನು ಪೂರ್ಣರೂಪದಲ್ಲಿ ಪ್ರಕಟಿಸಿದರು. ಎತ್ತರದ ಮನುಷ್ಯನಿಗೆ ಸಾಮಾನ್ಯವಾಗಿ ತೋಳೂ ಉದ್ದ. ಎತ್ತರದ ವ್ಯತ್ಯಾಸವನ್ನೂ ತೋಳಿನ ವ್ಯತ್ಯಾಸವನ್ನೂ ಸುಮ್ಮನೆ ಕೂಡಿಸಿದರೆ ಒಂದೇ ಸಾಲವನ್ನು ಎರಡು ಸಲ ವಸೂಲು ಮಾಡಿದಂತಾಗುತ್ತದೆ. ಅವರ ಸೂತ್ರವು ಈ ನಂಟನ್ನು ಕಳೆದು, ಒಳಗಿನ ಹರವನ್ನೂ ಗಮನಕ್ಕೆ ತಂದುಕೊಂಡು, ಉಳಿದ ದೂರವನ್ನು ಮಾತ್ರ ಹೇಳುತ್ತದೆ.

ಇದನ್ನು ಮುಂದುವರಿಸಿದವರಲ್ಲಿ ಪ್ರಮುಖರು ನಮ್ಮ ನೆರೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಡಾ. ಸಿ. ಆರ್. ರಾವ್ ಅವರು. 1946ರಲ್ಲಿ ಅವರು ಕೇಂಬ್ರಿಜ್ಜಿಗೆ ಹೋದುದು, ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ 1911ರಿಂದ 1914ರವರೆಗೆ ಅಗೆದು ತಂದ ಅಸ್ಥಿಗಳನ್ನು ಸಂಖ್ಯಾಶಾಸ್ತ್ರದ ರೀತಿಯಲ್ಲಿ ವಿವೇಚಿಸುವುದಕ್ಕೆ. ಅಲ್ಲಿಯೇ ಫಿಷರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಜೆಬೆಲ್ ಮೋಯಾದ ಗ್ರಂಥ 1955ರಲ್ಲಿ ಹೊರಬಂದಿತು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ಅವರಿಗೆ 102 ವರ್ಷ. ಆ ವರ್ಷವೇ ತೀರಿಕೊಂಡರು. ಹಡಗಲಿಯ ಹೆಸರನ್ನು ಆ ಜೀವನಚರಿತ್ರೆಯ ಮೊದಲ ಸಾಲಿನಲ್ಲಿ ಕಂಡ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಆ ಹಳೆಯ ಗ್ರಂಥವನ್ನು ಮತ್ತೆ ತೆಗೆದು ನೋಡಿದೆ. ಈ ಸಲ ಮೂಗನ್ನು ಮುಟ್ಟಿಕೊಳ್ಳಲಿಲ್ಲ. ಎಷ್ಟು ಜನರನ್ನು ಅಳೆದರು, ಅವರನ್ನು ಹೇಗೆ ಆರಿಸಿದರು, ಅಳೆದವರು ಒಬ್ಬರೋ ಹಲವರೋ, ಸರಾಸರಿಯ ಪಕ್ಕದಲ್ಲಿ ಹರವನ್ನು ಕೊಟ್ಟಿದ್ದಾರೆಯೋ ಎಂದು ಪೆನ್ಸಿಲಿನಿಂದ ನನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಹಿರಿಯೂರಿನ ಮಿತ್ರನೂ ಬಂದು ಕುಳಿತನು. ಅವನ ಜನರ ಸಾಲನ್ನು ಅವನೇ ಓದಿದನು.

ನಮ್ಮ ಹೊಲದಲ್ಲಿ ಚೀಟಿ ಎತ್ತಿದ ಚೌಕಗಳಲ್ಲಿ ಇನ್ನೂ ಆರು ಉಳಿದಿವೆ. ಮುಂಗಾರಿನ ಉಳುಮೆಗೆ ಮೊದಲು ಅವನ್ನು ಎಣಿಸಿ ಮುಗಿಸಬೇಕು. ಹೊಳಲ್ಕೆರೆಯ ಗೆಳೆಯನು ಹಗ್ಗ ಹಿಡಿಯಲು ಬರುವೆನೆಂದಿದ್ದಾನೆ. ತಂದೆಯವರು ಮಾತ್ರ, ಎಣಿಸಿದ ಬೋಕಿಯನ್ನು ಬದುವಿನ ಮೇಲೆ ಗುಡ್ಡೆ ಹಾಕದೆ ಇದ್ದಲ್ಲಿಯೇ ಏಕೆ ಬಿಡಬೇಕೆಂದು ಕೇಳುತ್ತಾರೆ.