ಬಲವೊಂದೇ ಭದ್ರತೆಯಲ್ಲ

ಕಾರ್ಬನ್ ಎಳೆಗಳನ್ನು ರಾಳದಲ್ಲಿ ಬಂಧಿಸಿ ಮಾಡಿದ ವಸ್ತುವಿನ ತೂಕವು ಉಕ್ಕಿನ ಐದರಲ್ಲೊಂದು ಪಾಲು. ಎಳೆಗಳ ದಿಕ್ಕಿನಲ್ಲಿ ಜಗ್ಗಿದರೆ ಅದು ಸಾಧಾರಣ ಉಕ್ಕನ್ನೂ ಮೀರಿಸುವುದು. ಈ ಪ್ರಶಂಸೆಯು ಯಥಾರ್ಥವಾದುದೇ. ಆದರೆ ಜಗ್ಗಿದರೆ ತಾಳುವುದು ಬೇರೆ, ಹೊಡೆದರೆ ಒಡೆಯದಿರುವುದು ಬೇರೆ.

ಬ್ರಿಟನ್ನಿನ ರೋಲ್ಸ್‌ರಾಯ್ಸ್ ಕಂಪೆನಿಯವರು ಆರ್‌ಬಿ 211 ಎಂಬ ವಿಮಾನದ ಎಂಜಿನ್ನಿಗೆ ಈ ವಸ್ತುವಿನ ಬೀಸಣಿಗೆಯ ಅಲಗುಗಳನ್ನು ಜೋಡಿಸಲು ಹವಣಿಸಿದ್ದರು. ಹಕ್ಕಿ ಬಡಿದರೆ ಏನಾಗುವುದೆಂದು 1970ರಲ್ಲಿ ಪರೀಕ್ಷಿಸಿದಾಗ ಅವು ಚೂರಾದುವು. ಟೈಟೇನಿಯಂ ಅಲಗುಗಳೇ ಗತಿಯಾದುವು. ಇತರ ವೆಚ್ಚಗಳೂ ಮಿತಿಮೀರಿ, 1971ರ ಫೆಬ್ರವರಿಯಲ್ಲಿ ಕಂಪೆನಿಯು ದಿವಾಳಿಯೆದ್ದು ಸರ್ಕಾರದ ವಶವಾಯಿತು.

ಲೋಹವು ಪೆಟ್ಟು ಬಿದ್ದೆಡೆ ತಗ್ಗಾಗಿ, ಅದರ ಶಕ್ತಿಯನ್ನು ನುಂಗಿಕೊಳ್ಳುವುದು. ಈ ವಸ್ತುವು ಹಾಗೆ ತಗ್ಗದು. ಇದರ ಪದರಗಳನ್ನು ಹಿಡಿದಿರುವುದು ರಾಳವೊಂದೇ. ಪೆಟ್ಟಿಗೆ ಅವು ಒಳಗೇ ಬಿಟ್ಟುಕೊಂಡರೂ ಹೊರಮೈ ನುಣುಪಾಗಿಯೇ ಕಾಣಬಹುದು.

ಹಾಗೆಂದು ಇದನ್ನು ತಿರಸ್ಕರಿಸತಕ್ಕದ್ದಲ್ಲ. 1995ರಲ್ಲಿ ಬಳಕೆಗೆ ಬಂದ ಅಮೆರಿಕದ ಜಿಇ 90 ಎಂಜಿನ್ನಿನಲ್ಲಿ, ಹೆಚ್ಚು ಜಿಗುಟಾದ ರಾಳದಿಂದಲೂ ಅಂಚಿನ ಟೈಟೇನಿಯಂ ಕವಚದಿಂದಲೂ ಕಾರ್ಬನ್ ಅಲಗುಗಳು ಜಯಶೀಲವಾದುವು. ನಮ್ಮ ಬೆಂಗಳೂರಿನಲ್ಲಿ ಸಿದ್ಧವಾಗುವ ತೇಜಸ್ ಯುದ್ಧವಿಮಾನದ ಒಡಲ ತೂಕದಲ್ಲಿಯೂ ನೂರಕ್ಕೆ ಸುಮಾರು 45 ಪಾಲು ಇಂತಹ ಸಂಯುಕ್ತ ವಸ್ತುವೇ. ಆದುದರಿಂದ, ಕೈಜಾರಿ ಬಿದ್ದ ಸುತ್ತಿಗೆಯ ಪೆಟ್ಟನ್ನೂ ಲಘುವಾಗಿ ಎಣಿಸದೆ, ಶ್ರವಣಾತೀತ ತರಂಗಗಳಿಂದ ಒಳಗನ್ನು ಶೋಧಿಸುವ ಪರೀಕ್ಷಕನೇ ಇಲ್ಲಿ ನಿಜವಾದ ರಕ್ಷಕನು. ಅವನ ಕಾರ್ಯಕ್ಕೆ ಬೇಕಾದ ಕಾಲದಲ್ಲಿ ಜಿಪುಣತನ ತೋರುವುದು ಪ್ರಾಣಗಳೊಡನೆ ಆಡುವ ಜೂಜೆಂದೇ ನಮ್ಮ ಮತ.