ದಂಡಿನಲ್ಲಿ ಲೇಖನಿ

ಬಂಗಾರಪೇಟೆಯ ಕಡೆಯಿಂದ ಬೇತಮಂಗಲಕ್ಕೆ ಹೋಗುವವರಿಗೆ ಮೊದಲು ನೆನಪಾಗುವುದು ಅಲ್ಲಿಯ ಕೆರೆ. ಪಾಲಾರಿನ ನೀರು ತುಂಬುವ ಈ ಕೆರೆಯಿಂದಲೇ ಚಿನ್ನದ ಗಣಿಗಳ ಊರಿಗೆ ಕೊಳವೆಗಳಲ್ಲಿ ನೀರು ಹೋಗುತ್ತಿದ್ದಿತು. ಗಣಿಗಳು ೨೦೦೧ರಲ್ಲಿ ಮುಚ್ಚಿದವು, ಕೆರೆ ಉಳಿದಿದೆ. ಆದರೆ ಕಳೆದ ಕಾರ್ತೀಕದಲ್ಲಿ ನಾವು ಅಲ್ಲಿಗೆ ಹೋದುದು ಕೆರೆಯನ್ನು ನೋಡುವುದಕ್ಕಲ್ಲ. ನಮಗೆ ಬಹುಕಾಲದಿಂದ ಪರಿಚಿತರಾದ ವೃದ್ಧರೊಬ್ಬರನ್ನು ಕಾಣುವುದಕ್ಕೆ.

ಇವರು ನಮ್ಮ ಸೈನ್ಯದಲ್ಲಿ ಬಹಳ ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದವರು. ಕೇರಿಯ ಹುಡುಗರು ಒಮ್ಮೊಮ್ಮೆ, “ಎಷ್ಟು ಮಂದಿ ಶತ್ರುಗಳನ್ನು ಕೊಂದಿರಿ, ತಾತ?” ಎಂದು ಕೇಳುವುದುಂಟು. “ಒಬ್ಬನನ್ನೂ ಇಲ್ಲಪ್ಪ, ನಾನು ಗುಮಾಸ್ತ” ಎಂದು ಅವರು ಉತ್ತರ ಕೊಡುವರು. ಹುಡುಗರು ನಿರಾಶರಾಗಿ ಆಟಕ್ಕೆ ಓಡುವರು.

ಅವರ ಮಗನು ಉದ್ಯೋಗದ ನಿಮಿತ್ತ ಸಿಂಗಪುರಕ್ಕೆ ಹೋಗಿ, ಅಲ್ಲಿ ಶಾಶ್ವತವಾಗಿ ನೆಲಸುವ ಹಕ್ಕನ್ನು ಪಡೆದು ಸಂಸಾರಸಹಿತನಾಗಿದ್ದಾನೆ. ಆ ಪಟ್ಟಣರಾಜ್ಯದಲ್ಲಿ ೧೯೬೭ರಲ್ಲಿ ಒಂದು ಶಾಸನವಾಯಿತು. ಅದರಂತೆ ಅಲ್ಲಿಯ ಪ್ರಜೆಗಳ ಗಂಡುಮಕ್ಕಳು ಪ್ರಾಯಕ್ಕೆ ಬಂದೊಡನೆ ದೇಶದ ಕಾವಲಿನ ಸೇವೆಗೆ ಸೇರಲೇಬೇಕು. ಅನ್ಯದೇಶಗಳಿಂದ ಬಂದು ನೆಲಸಿದವರ ಎರಡನೆಯ ತಲೆಮಾರಿನ ಗಂಡುಮಕ್ಕಳೂ ಇದಕ್ಕೆ ಒಳಪಟ್ಟವರು. ಮೊದಲು ಎರಡೂವರೆ ವರ್ಷದವರೆಗೂ ಇದ್ದ ಅವಧಿ ಈಗ ಎರಡು ವರ್ಷ. ಆ ಬಳಿಕವೂ ಅನೇಕ ವರ್ಷಗಳವರೆಗೆ ಆಗಾಗ ಕರೆ ಬಂದಾಗ ಹೋಗಬೇಕು. ಬಡವ ಬಲ್ಲಿದನೆಂಬ ಭೇದ ಇಲ್ಲಿಲ್ಲ.

ನಮ್ಮ ದೇಶದಲ್ಲಿ ಇಂಥ ಕಡ್ಡಾಯವಿಲ್ಲ. ಸೈನ್ಯಕ್ಕೆ ಸೇರುವವರು ಸ್ವಇಚ್ಛೆಯಿಂದಲೇ ಸೇರುತ್ತಾರೆ. ಬ್ರಿಟಿಷರ ಆಳ್ವಿಕೆಯಲ್ಲಿ, ೧೯೧೭ರಲ್ಲಿ, ಮೊದಲನೆಯ ಮಹಾಯುದ್ಧದ ಒತ್ತಡದಿಂದ ಒಂದು ಕಡ್ಡಾಯದ ಕಾಯಿದೆ ಬಂದಿತಾದರೂ ಅದರ ಕಡ್ಡಾಯವು ಇಲ್ಲಿದ್ದ ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ. ಆದುದರಿಂದ, “ಮಗು ತಪ್ಪೇನೂ ಮಾಡಿಲ್ಲವಲ್ಲ, ಅದನ್ನೇಕೆ ಹಿಡಿದುಕೊಂಡು ಹೋಗುತ್ತಾರೆ?” ಎಂದು ಬೇತಮಂಗಲದ ಅಜ್ಜಿ ಕಣ್ಣೀರು ಹಾಕಿದುದರಲ್ಲಿ ಆಶ್ಚರ್ಯವಿಲ್ಲ.

ಮೊಮ್ಮಗನಿಗೆ ಮಾತ್ರ ಸೈನಿಕನಾಗುವ ಉತ್ಸಾಹವಿದ್ದಿತು. ಅವನಿಗೆ ಚಿಕ್ಕಂದಿನಿಂದ ಉಬ್ಬಸದ ಉಪದ್ರವ. ವೈದ್ಯರು ಪರೀಕ್ಷಿಸಿ ದೇಹಸ್ಥಿತಿಗೆ ತಕ್ಕ ದರ್ಜೆಯನ್ನು ಗೊತ್ತುಮಾಡುವುದು ಅಲ್ಲಿಯ ಪದ್ಧತಿ. ಕೆಲಸವನ್ನು ಹಂಚುವಾಗ ಆ ದರ್ಜೆಯನ್ನು ನೋಡುತ್ತಾರೆ. ಜೊತೆಯ ಹುಡುಗರು ತೆಕೊಂಗ್ ದ್ವೀಪದಲ್ಲಿ ಕವಾಯತು ಕಲಿತು ಕಾಲಾಳುಗಳಾದರು. ಇವನ ಪಾಲಿಗೆ ಬಂದುದು ಕಚೇರಿಯ ಮೇಜು. ರಜೆಯ ಅರ್ಜಿ, ಹಾಜರಿಯ ಲೆಕ್ಕ, ಭತ್ಯದ ಪಟ್ಟಿ, ವೈದ್ಯರ ಚೀಟಿ! “ತಾತ, ಊರಿನವರಿಗೆ ಹೇಳಬೇಡಿ. ಎರಡು ವರ್ಷ ನಾನು ಕಾಗದ ಜೋಡಿಸಬೇಕಂತೆ” ಎಂದು ದೂರವಾಣಿಯಲ್ಲಿ ಹೇಳಿ ಹುಡುಗನು ಅತ್ತುಬಿಟ್ಟನಂತೆ. ತಂದೆಯೂ ಬಂಧುಗಳಿಗೆ “ಮಗ ಸೈನ್ಯದಲ್ಲಿದ್ದಾನೆ” ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದನು.

ಸುಬೇದಾರರು ದೂರವಾಣಿಯಲ್ಲಿ ಸಮಾಧಾನ ಹೇಳಲಿಲ್ಲ. ಕಾಗದ ಬರೆದರು. ಆ ಕಾಗದವನ್ನು ಹುಡುಗನು ನಮಗೆ ತೋರಿಸಿದನು. ಅದರಲ್ಲಿ ಉಪದೇಶ ಒಂದು ಸಾಲೂ ಇರಲಿಲ್ಲ; ತಾವು ಮಾಡಿದ ಒಂದು ತಪ್ಪನ್ನು ಬರೆದಿದ್ದರು.

ಅವರೂ ಸೇತುವೆ ಕಟ್ಟುವ ಸೈನಿಕರ ಸಾಲಿಗೆ ಸೇರಬೇಕೆಂದು ಹೊರಟವರೇ. ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿದ್ದುದರಿಂದಲೂ ಅಕ್ಷರ ದುಂಡಾಗಿದ್ದುದರಿಂದಲೂ ಅವರನ್ನು ಗುಮಾಸ್ತರ ಸಾಲಿಗೆ ಹಾಕಿದರು. ಮೊದಲ ವರ್ಷ ಆ ಕೋಪದಲ್ಲಿಯೇ ಕಳೆಯಿತು. ಸೈನಿಕನು ತನ್ನ ಸಂಬಳದಲ್ಲಿ ಒಂದು ಭಾಗವನ್ನು ನೇರವಾಗಿ ಮನೆಗೆ ಮನಿಯಾರ್ಡರು ಮಾಡಿಸುವ ಏರ್ಪಾಡು ಆಗ ಇದ್ದಿತು. ಒಬ್ಬ ಸೈನಿಕನ ವಿಳಾಸವನ್ನು ನಕಲು ಮಾಡುವಾಗ ಇವರು ಊರ ಹೆಸರಿನ ಹಿಂದಿದ್ದ ‘ದೊಡ್ಡ’ ಎಂಬ ಎರಡಕ್ಷರವನ್ನು ಬಿಟ್ಟರು. ನಮ್ಮ ಸೀಮೆಯಲ್ಲಿ ಒಂದೇ ಹೆಸರಿನ ಊರುಗಳು ಎಷ್ಟಿವೆಯೆಂಬುದನ್ನು ವಾಚಕರು ಬಲ್ಲರು. ಹಣವು ಎರಡು ತಿಂಗಳು ಅಲೆದು ಹಿಂದಕ್ಕೆ ಬಂದಿತು. ಆ ವೇಳೆಗೆ ಸೈನಿಕನ ತಾಯಿ ರಾಗಿಗಾಗಿ ಸಾಲಮಾಡಿ, ಮಗನು ತನ್ನನ್ನು ಮರೆತನೆಂದು ಊರೆಲ್ಲ ಹೇಳಿಕೊಂಡು ಅತ್ತಿದ್ದಳು. ಆ ಸೈನಿಕನು ಬಂದು ಬಯ್ಯಲಿಲ್ಲ. ತಾಯಿ ಬರೆಸಿದ್ದ ಕಾಗದವನ್ನು ಮೇಜಿನ ಮೇಲಿಟ್ಟು, “ಓದಿ” ಎಂದನಂತೆ.

ಅಂದಿನಿಂದ ಅವರು ಒಂದೊಂದು ಹೆಸರನ್ನೂ ಬೆರಳಿಟ್ಟು ಓದುವ ಅಭ್ಯಾಸ ಮಾಡಿಕೊಂಡರು. ಸೈನಿಕನಿಗೆ ಮದುವೆಯಾದರೆ, ಮಗು ಹುಟ್ಟಿದರೆ, ಅದನ್ನು ‘ಪಾರ್ಟ್ ಟೂ ಆರ್ಡರು’ ಎಂಬ ಪತ್ರದಲ್ಲಿ ಪ್ರಕಟಿಸಿ ದಾಖಲೆಯ ಕಚೇರಿಗೆ ಕಳುಹಿಸಬೇಕು. ಹೆಂಡತಿಯ ಹೆಸರು ಅದರಲ್ಲಿ ಏರದಿದ್ದರೆ, ಗಂಡನು ತೀರಿಕೊಂಡ ಮೇಲೆ ತಾನು ಅವನ ಹೆಂಡತಿಯೆಂದು ತೋರಿಸುವುದಕ್ಕೆ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ರಜೆಯಿಂದ ಮರಳಿದ ಮದುಮಗನನ್ನು ಹುಡುಕಿಕೊಂಡು ಹೋಗಿ, ಅವನು ನಾಚಿಕೊಂಡರೂ ಬಿಡದೆ ರುಜು ಹಾಕಿಸುತ್ತಿದ್ದುದರಿಂದ ಇವರಿಗೆ ‘ಮದುವೆಯ ಪುರೋಹಿತ’ ಎಂಬ ಅಡ್ಡಹೆಸರು ಬಂದಿತ್ತಂತೆ.

ಇದನ್ನು ಕೇಳುತ್ತಿದ್ದಾಗ ನಮಗೆ ಕೋಲಾರ ಸೀಮೆಯ ವೀರಗಲ್ಲುಗಳು ನೆನಪಾದವು. ರೈಸ್ ಸಾಹೇಬರು ೧೯೦೫ರಲ್ಲಿ ಅಚ್ಚುಹಾಕಿಸಿದ ಈ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಇಂಥ ಕಲ್ಲುಗಳು ಎಷ್ಟೋ ಇವೆ. ತುರುಗಳನ್ನು ಬಿಡಿಸುವುದಕ್ಕೆ ಹೋಗಿ ಸತ್ತವನ ಚಿತ್ರವನ್ನು ನಾವೆಲ್ಲ ನೋಡುತ್ತೇವೆ. ಬದಿಯ ಸಾಲುಗಳನ್ನು ಓದುವವರು ಕಡಮೆ. ಸತ್ತವನು ಯಾರು, ಯಾವ ಕಾಳಗದಲ್ಲಿ ಸತ್ತನು ಎಂಬುದು ಅಲ್ಲಿರುತ್ತದೆ. ಕೆಲವು ಕಲ್ಲುಗಳಲ್ಲಿ ಅವನಿಗಾಗಿ ಬಿಟ್ಟ ಭೂಮಿಯ ಮಾತೂ ಇರುತ್ತದೆ. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂದು ಅದಕ್ಕೆ ಹೆಸರುಗಳು. ಹೋರಾಡಿದವನು ಹೋದನು. ಹೊಲವು ಅವನ ಮಕ್ಕಳಿಗೆ ಸೇರಿದ್ದೆಂದು ಹೇಳುವುದಕ್ಕೆ ಉಳಿದುದು ಅಕ್ಷರ. ಅದನ್ನು ಬರೆದವನ ಹೆಸರು ಎಷ್ಟೋ ಕಲ್ಲುಗಳಲ್ಲಿ ಇಲ್ಲ.

ಕಾಗದ ತಲಪಿದೊಡನೆ ಮೊಮ್ಮಗನ ಮನಸ್ಸು ತಿರುಗಿತೆಂದು ನಾವು ಬರೆಯಲಾರೆವು. ಅವನೇ ಹೇಳಿದಂತೆ, ಇನ್ನೂ ಕೆಲವು ತಿಂಗಳು ಬೇಸರದಿಂದಲೇ ದುಡಿದನು. ಒಂದು ದಿನ ಹೊಸದಾಗಿ ಸೇರಿದ ಹುಡುಗನೊಬ್ಬನು ಊಟದ ಮನೆಯಲ್ಲಿ ಸಪ್ಪಗೆ ಕುಳಿತಿದ್ದನು. ಕೇಳಿದರೆ, ಎರಡು ತಿಂಗಳಿಂದ ಭತ್ಯ ಬಂದಿಲ್ಲ, ಮನೆಯಲ್ಲಿ ತಾಯಿಯೊಬ್ಬಳೇ, ಮೇಲಿನವರನ್ನು ಕೇಳಲು ಸಂಕೋಚ. ಇವನು ಪಟ್ಟಿಗಳನ್ನು ಮುಂದಿಟ್ಟುಕೊಂಡು ರಾತ್ರಿ ಬೆರಳಿಟ್ಟು ಓದಿದನು. ಬ್ಯಾಂಕಿನ ಲೆಕ್ಕದ ಸಂಖ್ಯೆಯಲ್ಲಿ ಎರಡು ಅಂಕಿಗಳು ಸ್ಥಾನಪಲ್ಲಟವಾಗಿದ್ದವು. ಬರೆದ ಕೈ ಇವನದೇ!

ಮರುದಿನ ಅಧಿಕಾರಿಯ ಎದುರಿಗೆ ನಿಂತು ತಪ್ಪನ್ನು ಒಪ್ಪಿಕೊಂಡು ತಿದ್ದಿಸಿದನು. ಬೈಗುಳವೇನೋ ಸಿಕ್ಕಿತು. ಆದರೆ ಆ ಮೇಲೆ ಹುಡುಗರು ತಮ್ಮ ತೊಡಕುಗಳನ್ನು ಮೊದಲು ಇವನ ಮೇಜಿಗೇ ತರತೊಡಗಿದರು. ಬೈದ ಅಧಿಕಾರಿಯೂ ಇವನು ನೋಡಿದ ಪಟ್ಟಿಯನ್ನು ಮತ್ತೊಮ್ಮೆ ನೋಡದೆ ರುಜು ಹಾಕುವಂತಾದನು. ‘ಕಾಗದದ ಸಿಪಾಯಿ’ ಎಂದು ಹಾಸ್ಯಮಾಡುತ್ತಿದ್ದ ಇಬ್ಬರು ಮೂವರು ಕೊನೆಯವರೆಗೂ ಹಾಸ್ಯಮಾಡಿದರು.

ನಾವು ಹೋದಾಗ ಅವನು ಸೇವೆಯನ್ನು ಮುಗಿಸಿ ತಾತನ ಮನೆಗೆ ಬಂದಿದ್ದನು. ನಿವೃತ್ತಿವೇತನ ಪಡೆಯುವವರು ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕಷ್ಟೆ. ಜಗಲಿಯ ಮೇಲೆ ಕುಳಿತು ಮೊಮ್ಮಗನು ಅದನ್ನು ತುಂಬಿಸಿ ತಾತನ ಕೈಗೆ ಕೊಟ್ಟನು. ಅವರು ಕನ್ನಡಕವನ್ನು ಒರಸಿ ಹಾಕಿಕೊಂಡು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದಿದರು. ಒಂದೆಡೆ ಬೆರಳು ನಿಂತಿತು.

“ಈ ಐದು ಆರಿನ ಹಾಗೆ ಕಾಣುತ್ತದೆ, ಕಂದ. ಇನ್ನೊಂದು ಹಾಳೆ ತೆಗೆದುಕೊ.”

ಹುಡುಗನು ಮಾತಾಡದೆ ಒಳಗೆ ಹೋಗಿ ಇನ್ನೊಂದು ಹಾಳೆಯನ್ನು ತಂದನು.